ಬೇಟೆಗೊಂದು ಸ್ವಂತ ಕಾಡು: 40 ಎಕರೆಗೆ ಸಹಿ ಹಾಕುವ ಮುನ್ನ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬಂದೂಕು ಹಿಡಿದು ಜಿಂಕೆ ಬೇಟೆಗೆ ಹೋಗಲು ಮುಖ್ಯವಾಗಿ ಸಿಗುವುದು ವರ್ಷಕ್ಕೆ ಒಂಬತ್ತು ದಿನ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಅದು ಶುರುವಾಗುತ್ತದೆ. ಎರಡು ವರ್ಷದ ಹಿಂದೆ ಆ ಶನಿವಾರ ಬೆಳಗಿನ ಜಾವ ನಾನು ಮತ್ತು ವಿರಾಜಪೇಟೆ ಕಡೆಯ ನನ್ನ ಗೆಳೆಯರೊಬ್ಬರು ಸರ್ಕಾರಿ ಕಾಡಿನೊಳಗೆ ಮುಕ್ಕಾಲು ಗಂಟೆ ಕತ್ತಲಲ್ಲೇ ನಡೆದೆವು. ಅವರು ಆಗಸ್ಟ್‌ನಿಂದಲೂ ನೋಡಿಟ್ಟುಕೊಂಡಿದ್ದ ಒಂದು ಓಕ್ ಮರವಿತ್ತು. ಇನ್ನೇನು ಅದರ ಬುಡ ಸೇರಬೇಕು, ಅಲ್ಲಿಂದ ಕೆಂಪು ಟಾರ್ಚ್ ಎರಡು ಸಲ ಮಿನುಗಿತು. ನಮಗಿಂತ ಮೊದಲೇ ಯಾರೋ ಬಂದು ಕೂತಿದ್ದರು.

ವಾಪಸ್ ಕಾರಿನ ಹತ್ತಿರ ಬಂದು ಗ್ಲೌಸ್ ಬಿಚ್ಚುತ್ತಾ ಗೆಳೆಯರು ಹೇಳಿದರು: "ಸ್ವಂತದ್ದು ಅಂತ ಒಂದು ತುಂಡು ಜಾಗ ಬೇಕು ಮಾರಾಯ್ರೇ."

ಅವತ್ತು ರಾತ್ರಿಯೇ ಫೋನಿನಲ್ಲಿ ಹುಡುಕಾಟ ಶುರುವಾಯಿತು. ಆಮೇಲಿನ ಒಂದೂವರೆ ವರ್ಷ ಅವರ ಜೊತೆ ಹನ್ನೊಂದು ಜಾಗ ಸುತ್ತಿದೆ. ಅಮೆರಿಕದಲ್ಲಿ ಬೇಟೆಗೆಂದೇ ಜಮೀನು ಕೊಳ್ಳುವುದು ತುಂಬ ಮಾಮೂಲಿ ಸಂಗತಿ. ನಮ್ಮವರಲ್ಲೂ ಈಗೀಗ ಕೆಲವರು ಈ ಬಗ್ಗೆ ಕೇಳುತ್ತಿದ್ದಾರೆ. ಊರಿನಲ್ಲಿ ತೋಟ ತೆಗೆದುಕೊಂಡ ಅನುಭವ ಇಲ್ಲಿ ಅರ್ಧ ಕೆಲಸಕ್ಕೆ ಬರುತ್ತದೆ. ಇನ್ನರ್ಧಕ್ಕೆ ಬೇರೆಯದೇ ಲೆಕ್ಕ. ಆ ಲೆಕ್ಕವನ್ನು ಬಿಡಿಸಿ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಜಾಗ ನಿಮ್ಮದು, ಜಿಂಕೆ ನಿಮ್ಮದಲ್ಲ

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು ಇದು. ಅಮೆರಿಕದಲ್ಲಿ ಕಾಡುಪ್ರಾಣಿಗಳು ಜನರೆಲ್ಲರ ಸ್ವತ್ತು. ಆಯಾ ರಾಜ್ಯ ಸರ್ಕಾರ ಅವುಗಳನ್ನು ಜನರ ಪರವಾಗಿ ನೋಡಿಕೊಳ್ಳುತ್ತದೆ. ನೀವು ಕಾಡು ಕೊಂಡರೂ ಅದರಲ್ಲಿ ಮೇಯುವ ಜಿಂಕೆಯನ್ನು ಕೊಂಡಂತಲ್ಲ. ಯಾವ ದಿನ ಬೇಟೆ, ಎಷ್ಟು ಜಿಂಕೆ, ಗಂಡೋ ಹೆಣ್ಣೋ, ಬಿಲ್ಲೋ ಬಂದೂಕೋ ಅನ್ನುವ ನಿಯಮಗಳೆಲ್ಲ ನಿಮ್ಮ ಸ್ವಂತ ಜಾಗಕ್ಕೂ ಅನ್ವಯಿಸುತ್ತವೆ. ಕೆಲವು ರಾಜ್ಯಗಳು ಜಮೀನಿನ ಮಾಲೀಕರಿಗೆ ಲೈಸೆನ್ಸ್‌ನಲ್ಲಿ ರಿಯಾಯಿತಿ ಕೊಡುತ್ತವೆ. ಅಷ್ಟು ಬಿಟ್ಟರೆ ಮಾಲೀಕ ಅಂತ ಹೆಚ್ಚಿನ ವಿನಾಯಿತಿ ಏನಿಲ್ಲ.

ಎಲ್ಲ ದೇಶದಲ್ಲೂ ಹೀಗಿಲ್ಲ. ಜರ್ಮನಿಯಲ್ಲಿ ಬೇಟೆಯ ಹಕ್ಕು ಜಮೀನಿಗೆ ಅಂಟಿಕೊಂಡು ಬರುತ್ತದೆ. ಆದರೆ ಸ್ವಂತ ಬೇಟೆ ಕ್ಷೇತ್ರ ಅನ್ನಿಸಿಕೊಳ್ಳಲು ಸಾಮಾನ್ಯವಾಗಿ ಒಂದೇ ಕಡೆ 75 ಹೆಕ್ಟೇರ್, ಅಂದರೆ ಸುಮಾರು 185 ಎಕರೆ ಇರಬೇಕು. ಅದಕ್ಕಿಂತ ಕಡಿಮೆ ಇರುವವರು ಅಕ್ಕಪಕ್ಕದವರೊಂದಿಗೆ ಸಂಘವಾಗಿ ಸೇರಬೇಕು. ದಕ್ಷಿಣ ಆಫ್ರಿಕಾದಲ್ಲಿ 1991ರ ಕಾನೂನಿನ ಪ್ರಕಾರ ಸರಿಯಾಗಿ ಬೇಲಿ ಹಾಕಿದ ಜಮೀನಿನೊಳಗಿನ ಪ್ರಾಣಿಗಳ ಮೇಲೆ ಮಾಲೀಕನಿಗೇ ಹಕ್ಕು. ನಮ್ಮಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಪ್ರಶ್ನೆಯೇ ಏಳುವುದಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನವರಿಗೆ) ಬಂದೂಕಿನ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆಯೂ ಆಗುತ್ತದೆ. ಆದರೆ ಕಾಡಿನಲ್ಲಿ ಬೇಟೆಯಾಡುವ ಹಾಗಿಲ್ಲ. ನನ್ನ ಗೆಳೆಯರ ತಾತ ಶಿಕಾರಿಗೆ ಹೋಗುತ್ತಿದ್ದವರು. ಮೊಮ್ಮಗನಿಗೆ ಸಿಕ್ಕಿದ್ದು ಆ ಕಥೆಗಳು ಮಾತ್ರ. ಇಲ್ಲಿ ಅವರಿಗೆ ಜಾಗದ ಆಸೆ ಹುಟ್ಟಿದ್ದರಲ್ಲಿ ಅದರ ಪಾಲೂ ಇದೆ, ನನಗೆ ಗೊತ್ತು.

ಹಾಗಾದರೆ ದುಡ್ಡು ಕೊಟ್ಟು ಕೊಳ್ಳುವುದಾದರೂ ಏನನ್ನು? ಬೇರೆಯವರು ಬರದ ಹಾಗೆ ನೋಡಿಕೊಳ್ಳುವ ಹಕ್ಕನ್ನು. ಎಲ್ಲಿ ಅಟ್ಟಣೆ ಕಟ್ಟಬೇಕು, ಎಲ್ಲಿ ಮೇವು ಬೆಳೆಯಬೇಕು, ಯಾವ ಮೂಲೆಯನ್ನು ಜಿಂಕೆಗಳು ಮಲಗಲು ಬಿಟ್ಟುಬಿಡಬೇಕು ಅಂತ ತೀರ್ಮಾನಿಸುವ ಹಕ್ಕನ್ನು. ಅದಕ್ಕೆ ನೀವು ಕೊಡುವ ಬೆಲೆ ಸರಿಯೇ ಅನ್ನುವುದೇ ಇಲ್ಲಿನ ಪ್ರಶ್ನೆ.

40 ಎಕರೆ ಅಂದರೆ ಎಷ್ಟು?

ಅಮೆರಿಕದ ಮಧ್ಯ ಭಾಗದಲ್ಲಿ ಮಾರಾಟಕ್ಕಿರುವ ಕಾಡು ನೋಡಿದರೆ 40, 80, 160 ಎಕರೆ ಅನ್ನುವ ಲೆಕ್ಕವೇ ಜಾಸ್ತಿ. ಇದಕ್ಕೆ ಕಾರಣ 1785ರಲ್ಲಿ ಶುರುವಾದ ಸರ್ವೆ. ನೆಲವನ್ನೆಲ್ಲ ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕಗಳಾಗಿ ಗೆರೆ ಹಾಕಿದರು. ಒಂದು ಚೌಕಕ್ಕೆ 640 ಎಕರೆ. ಅದನ್ನು ನಾಲ್ಕು ಭಾಗ ಮಾಡಿದರೆ 160. ಅದನ್ನೂ ನಾಲ್ಕು ಮಾಡಿದರೆ 40. ಇಲ್ಲಿನವರು ಬರೀ "ಫಾರ್ಟಿ" ಅನ್ನುತ್ತಾರೆ, ನಾವು ಗುಂಟೆ ಅನ್ನುವ ಹಾಗೆ.

ಊರಿನ ಲೆಕ್ಕದಲ್ಲಿ 40 ಎಕರೆ ದೊಡ್ಡ ಹಿಡುವಳಿ. ಕೇಳಿದ ತಕ್ಷಣ ಎದೆ ಉಬ್ಬುತ್ತದೆ. ಆದರೆ ಆ ಚೌಕದ ಒಂದು ಬದಿ ಬರೀ 402 ಮೀಟರ್. ಸಮತಟ್ಟಾಗಿದ್ದರೆ ಐದು ನಿಮಿಷದಲ್ಲಿ ದಾಟಿಬಿಡಬಹುದು. ಬಿಳಿಬಾಲದ ಜಿಂಕೆ ಓಡಾಡುವ ಜಾಗ ಸ್ಥೂಲವಾಗಿ ಒಂದು ಚದರ ಮೈಲಿ ಅಂತ ಹೇಳುತ್ತಾರೆ. ಅಂದರೆ ನಿಮ್ಮ ಜಾಗದಂಥ ಹದಿನಾರು ತುಂಡು. ನವೆಂಬರ್‌ನಲ್ಲಿ ಹೆಣ್ಣಿನ ಹಿಂದೆ ಅಲೆಯುವ ಗಂಡು ಇನ್ನೂ ದೂರ ಹೋಗುತ್ತದೆ. ನೀವು ಮೂರು ವರ್ಷ ಕಾದು ದೊಡ್ಡದಾಗಲು ಬಿಟ್ಟ ಗಂಡು, ಬೇಲಿಯಾಚೆ ಕಾಲಿಟ್ಟ ಗಳಿಗೆಯಲ್ಲಿ ಪಕ್ಕದವರ ಗುಂಡಿಗೆ ಸಿಗಬಹುದು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಹಾಗಾಗಿ ಸಣ್ಣ ಜಾಗ ಕೊಳ್ಳುವವರು ನೆಲದಷ್ಟೇ ಅಕ್ಕಪಕ್ಕದವರನ್ನೂ ನೋಡಬೇಕು. ಪಕ್ಕದಲ್ಲಿ ಎಷ್ಟು ಜನ ಬೇಟೆಯಾಡುತ್ತಾರೆ? ಗಡಿಗೆ ಅಂಟಿಕೊಂಡೇ ಅಟ್ಟಣೆ ಕಟ್ಟಿದ್ದಾರಾ? ಗುಂಡು ತಗುಲಿದ ಜಿಂಕೆ ಓಡಿ ಅವರ ಜಾಗದಲ್ಲಿ ಬಿದ್ದರೆ ಎತ್ತಿಕೊಂಡು ಬರಲು ಬಿಡುತ್ತಾರಾ? ವಿಸ್ಕಾನ್ಸಿನ್‌ನಲ್ಲಿ ಅನುಮತಿ ಇಲ್ಲದೆ ನೀವು ಆಚೆ ಹೋಗುವಂತಿಲ್ಲ. 40 ಎಕರೆಯ ನಟ್ಟನಡುವೆ ಕೂತರೂ ಗಡಿ ಬರೀ 200 ಮೀಟರ್ ದೂರ. ಏಟು ಬಿದ್ದ ಜಿಂಕೆಗೆ ಅದು ಏನೇನೂ ಅಲ್ಲ.

ನಾವು ನೋಡಿದ ಆರನೇ ಜಾಗದಲ್ಲಿ ಗಡಿಯುದ್ದಕ್ಕೂ ನಡೆದಾಗ ಆಚೆ ಕಡೆ ಏಳು ಅಟ್ಟಣೆ ಎಣಿಸಿದೆವು. ಐದರ ಮುಖ ಮಾರಾಟಕ್ಕಿದ್ದ ಜಾಗದ ಕಡೆಗೇ ಇತ್ತು. ಜಾಹೀರಾತಿನ ಫೋಟೋಗಳಲ್ಲಿ ದೊಡ್ಡ ದೊಡ್ಡ ಕೊಂಬಿನ ಜಿಂಕೆಗಳಿದ್ದವು. ಈ ಏಳು ಅಟ್ಟಣೆ ಯಾವ ಫೋಟೋದಲ್ಲೂ ಇರಲಿಲ್ಲ.

ಗಾಳಿ ಮತ್ತು ದಾರಿ

ಜಿಂಕೆಗೆ ಕಣ್ಣಿಗಿಂತ ಮೂಗು ಚುರುಕು. ನಿಮ್ಮ ವಾಸನೆ ಅದರ ಕಡೆ ಹೋಯಿತೋ, ಅವತ್ತಿನ ಬೇಟೆ ಮುಗಿದ ಹಾಗೆ. ಆದ್ದರಿಂದ ಜಾಗದೊಳಗೆ ಎಷ್ಟು ಜಿಂಕೆ ಇವೆ ಅನ್ನುವುದಕ್ಕಿಂತ, ಅವುಗಳಿಗೆ ಗೊತ್ತಾಗದೆ ನೀವು ಒಳಗೆ ಹೋಗಿ ಕೂರಲು ಆಗುತ್ತದಾ ಅನ್ನುವುದು ಮುಖ್ಯ. ಶರತ್ಕಾಲದಲ್ಲಿ ಇಲ್ಲಿ ಬೇಟೆಯ ಒಳ್ಳೆಯ ದಿನಗಳಲ್ಲಿ ಪಡುವಣ ಅಥವಾ ವಾಯವ್ಯದ ಗಾಳಿ ಹೆಚ್ಚು. ರಸ್ತೆ, ಗೇಟು ಎಲ್ಲ ಪಡುವಣ ಬದಿಯಲ್ಲೇ ಇದ್ದರೆ, ನೀವು ಕಾರಿನಿಂದ ಇಳಿದ ಕ್ಷಣವೇ ಇಡೀ ಕಾಡಿಗೆ ಸುದ್ದಿ ಮುಟ್ಟುತ್ತದೆ. ಅದೇ 40 ಎಕರೆಗೆ ಮೂಡಣ ಬದಿಯಿಂದ ದಾರಿ ಇದ್ದರೆ ಅದರ ಯೋಗ್ಯತೆಯೇ ಬೇರೆ.

ನೈಋತ್ಯ ವಿಸ್ಕಾನ್ಸಿನ್‌ನ ಗುಡ್ಡಗಾಡಿನಲ್ಲಿ ಇನ್ನೊಂದು ತೊಡಕಿದೆ. ಹಿಮಯುಗದ ನೀರ್ಗಲ್ಲು ಈ ಸೀಮೆಯನ್ನು ಸವರಿಕೊಂಡು ಹೋಗಲಿಲ್ಲ. ಹಾಗಾಗಿ ಕಣಿವೆಗಳು ಕಡಿದಾಗಿ ಉಳಿದಿವೆ. ನೋಡಿದರೆ ಮಲೆನಾಡಿನ ನೆನಪಾಗುತ್ತದೆ. ಇಂಥ ಕಡೆ ಬಿಸಿಲೇರಿದಂತೆ ಗಾಳಿ ಬೆಚ್ಚಗಾಗಿ ಇಳಿಜಾರಿನ ಮೇಲಕ್ಕೆ ಹತ್ತುತ್ತದೆ. ಸಂಜೆ ತಣ್ಣಗಾಗಿ ಕೆಳಕ್ಕೆ ಇಳಿಯುತ್ತದೆ. ನನ್ನ ಗೆಳೆಯರು ಜೇಬಿನಲ್ಲಿ ಯಾವಾಗಲೂ ಪೌಡರ್ ತುಂಬಿದ ಪುಟ್ಟ ಡಬ್ಬಿ ಇಟ್ಟುಕೊಂಡಿರುತ್ತಾರೆ. ಒಂದು ಸಂಜೆ ನಾಲ್ಕೂವರೆಗೆ ಗುಡ್ಡದ ನಡುಮಟ್ಟದಲ್ಲಿ ನಿಂತು ಅದನ್ನು ಒತ್ತಿದರು. ಬಿಳಿ ಪುಡಿ ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಮೊಣಕಾಲ ಮಟ್ಟಕ್ಕಿಳಿದು, ಒಣಗಿದ ಜರಿಗಿಡಗಳ ಮಧ್ಯೆ ನುಸುಳಿ, ನೇರ ಕೆಳಗಿನ ಹಳ್ಳಕ್ಕೆ ಹೋಯಿತು. ಮಾಲೀಕರು "ಜಿಂಕೆಗಳೆಲ್ಲ ಮಲಗುವ ಜಾಗ" ಅಂತ ತೋರಿಸಿದ್ದು ಆ ಹಳ್ಳವನ್ನೇ.

ಕಾಗದ ಪತ್ರ: ಊರಿನ ಪಾಠ ಇಲ್ಲೂ ಬೇಕು

ಪಹಣಿ, ಇಸಿ, ಚಕ್ಕುಬಂದಿ ನೋಡದೆ ಊರಿನಲ್ಲಿ ಯಾರೂ ಜಮೀನು ತೆಗೆದುಕೊಳ್ಳುವುದಿಲ್ಲ. ಇಲ್ಲೂ ಹಾಗೇ. ಹೆಸರುಗಳು ಮಾತ್ರ ಬೇರೆ.

ಮೊದಲನೆಯದು ದಾರಿ. ನಾಲ್ಕೂ ಕಡೆ ಬೇರೆಯವರ ಜಮೀನಿದ್ದು, ರಸ್ತೆಗೆ ತಾಗದ ತುಂಡುಗಳು ಇಲ್ಲಿ ಅಗ್ಗಕ್ಕೆ ಸಿಗುತ್ತವೆ. "ಪಕ್ಕದವರು ಇಪ್ಪತ್ತು ವರ್ಷದಿಂದ ಬಿಡುತ್ತಿದ್ದಾರೆ, ತೊಂದರೆ ಇಲ್ಲ" ಅನ್ನುತ್ತಾರೆ. ಪಕ್ಕದವರು ಜಮೀನು ಮಾರಿದ ದಿನ ಆ ಮಾತು ಮುಗಿಯಿತು. ನಮ್ಮಲ್ಲಿ ನಕಾಶೆ ಕಂಡ ದಾರಿ ಅನ್ನುತ್ತೇವಲ್ಲ, ಅಂಥದ್ದು ಇರಬೇಕು. ಅಂದರೆ ದಾರಿಯ ಹಕ್ಕು ಬರಹದಲ್ಲಿ, ನೋಂದಣಿಯಾಗಿ, ಜಮೀನಿನ ಜೊತೆಗೇ ಮುಂದಿನ ಮಾಲೀಕರಿಗೂ ಹೋಗುವಂತೆ ಇರಬೇಕು. ಟೈಟಲ್ ವಿಮೆ, ಅಂದರೆ ಜಮೀನಿನ ಹಕ್ಕಿಗೆ ಮಾಡಿಸುವ ವಿಮೆ, ತೆಗೆದುಕೊಳ್ಳುವಾಗ ಅದು ದಾರಿಯ ಹಕ್ಕಿಗೂ ಅನ್ವಯಿಸುತ್ತದೆಯೇ ಅಂತ ಬಾಯಿಬಿಟ್ಟು ಕೇಳಿ.

ಎರಡನೆಯದು ನೆಲದಡಿಯ ಹಕ್ಕು. ಟೆಕ್ಸಾಸ್, ಪೆನ್ಸಿಲ್ವೇನಿಯಾದಂಥ ಕಡೆ ಮೇಲಿನ ನೆಲ ಒಬ್ಬರದ್ದು, ಕೆಳಗಿನ ಎಣ್ಣೆ, ಗ್ಯಾಸ್, ಕಲ್ಲಿದ್ದಲು ಇನ್ನೊಬ್ಬರದ್ದು ಆಗಿರುವುದು ಮಾಮೂಲಿ. ಕೆಳಗಿನದರ ಮಾಲೀಕರು ಬಂದು ಕೊರೆಯಲು ಶುರುಮಾಡಿದರೆ ನೀವು ತಡೆಯುವುದು ಕಷ್ಟ.

ಮೂರನೆಯದು ಮರ. ಮಾರುವ ಮುಂಚೆ ಒಳ್ಳೆಯ ಓಕ್, ವಾಲ್ನಟ್ ಮರಗಳನ್ನೆಲ್ಲ ಕಡಿದು ಮಾರಿ, ಉಳಿದದ್ದನ್ನು "ಬೇಟೆಯ ಕಾಡು" ಅಂತ ಮಾರುವುದುಂಟು. ಹಸಿ ಕೊರಡುಗಳನ್ನು ಎಣಿಸಿ. ಹೊಸ ಚಿಗುರು ಜಿಂಕೆಗೆ ಒಳ್ಳೆಯ ಮೇವೇ, ಅದರಲ್ಲಿ ಸುಳ್ಳಿಲ್ಲ. ಆದರೆ ಓಕ್ ಕಾಯಿ ಉದುರುವ ದೊಡ್ಡ ಮರ ಮತ್ತೆ ಬೆಳೆಯಲು ನಿಮ್ಮ ಆಯಸ್ಸು ಸಾಲದು.

ವಿಸ್ಕಾನ್ಸಿನ್‌ನಲ್ಲಿ ಇನ್ನೊಂದನ್ನು ಕೇಳಲೇಬೇಕು: ಈ ಜಾಗ "ಮ್ಯಾನೇಜ್ಡ್ ಫಾರೆಸ್ಟ್ ಲಾ" ಯೋಜನೆಯಲ್ಲಿ ಇದೆಯಾ? ಕಾಡನ್ನು ಕಾಡಾಗಿಯೇ ಇಟ್ಟುಕೊಂಡು ಯೋಜನೆಯಂತೆ ಮರ ಕಡಿಸುತ್ತೇವೆ ಅಂತ 25 ಅಥವಾ 50 ವರ್ಷಕ್ಕೆ ಒಪ್ಪಿಕೊಂಡರೆ ಆಸ್ತಿ ತೆರಿಗೆ ತುಂಬ ಇಳಿಯುತ್ತದೆ. ಮಾಲೀಕರು ಬದಲಾದರೂ ಒಪ್ಪಂದ ಜಮೀನಿನ ಜೊತೆಗೇ ಬರುತ್ತದೆ. ಮಧ್ಯದಲ್ಲಿ ಬಿಟ್ಟರೆ ದಂಡದ ತೆರಿಗೆ. ಇದರಲ್ಲಿ "ತೆರೆದ" ಮತ್ತು "ಮುಚ್ಚಿದ" ಅಂತ ಎರಡು ಬಗೆ. ತೆರೆದದ್ದಾದರೆ ತೆರಿಗೆ ಇನ್ನೂ ಕಡಿಮೆ. ಆದರೆ ಬೇಟೆಗೆ, ಮೀನಿಗೆ, ಸುಮ್ನೆ ಸುತ್ತಾಡಲಿಕ್ಕೂ ಯಾರು ಬೇಕಾದರೂ ಒಳಗೆ ಬರಬಹುದು. ಒಬ್ಬರೇ ಬೇಟೆಯಾಡಲು ಅಂತ ಜಾಗ ಕೊಂಡು, ಅದು ತೆರೆದ ಪಟ್ಟಿಯಲ್ಲಿದೆ ಅಂತ ನವೆಂಬರ್‌ನಲ್ಲಿ ತಿಳಿದರೆ ಹೇಗಿರುತ್ತದೆ?

ಜಿಂಕೆಯ ಕಾಯಿಲೆ

ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅನ್ನುವ ಕಾಯಿಲೆಯ ಬಗ್ಗೆ ಮಾರುವವರು ತಾವಾಗಿ ಹೇಳುವುದು ಕಡಿಮೆ. ಜಿಂಕೆಯ ಮಿದುಳನ್ನು ಹಾಳು ಮಾಡುವ ಕಾಯಿಲೆ ಇದು. ಕಾರಣ ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ, ತಪ್ಪಾಗಿ ಮಡಚಿಕೊಂಡ ಪ್ರೋಟೀನು. ತಗುಲಿದ ಜಿಂಕೆ ಉಳಿಯುವುದಿಲ್ಲ. ಆ ಪ್ರೋಟೀನು ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ. 1967ರಲ್ಲಿ ಕೊಲರಾಡೋದಲ್ಲಿ ಮೊದಲು ಕಂಡಿತು. 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾಯಿತು. ಈಗ ಇದೇ ರಾಜ್ಯದ ಅಯೋವಾ, ಸಾಕ್, ರಿಚ್‌ಲ್ಯಾಂಡ್ ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಕಡೆ ತುಂಬ ಹರಡಿದೆ. ಮನುಷ್ಯರಿಗೆ ಬಂದದ್ದು ಖಚಿತವಾಗಿಲ್ಲ. ಆದರೂ ಈ ಕಡೆಯ ಜಿಂಕೆಯನ್ನು ಪರೀಕ್ಷೆ ಮಾಡಿಸಿ, ಕಾಯಿಲೆ ಇದ್ದರೆ ತಿನ್ನಬೇಡಿ ಅಂತಲೇ ಆರೋಗ್ಯ ಇಲಾಖೆಗಳ ಸಲಹೆ. ಮನೆಯವರಿಗೆ ಉಣಿಸುವ ಮಾಂಸ ಅಲ್ವಾ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಯಿಲೆ ಕಂಡ ಕೌಂಟಿಗಳಲ್ಲಿ ಜೋಳ ಸುರಿದು ಜಿಂಕೆ ಕರೆಯುವುದೂ ನಿಷಿದ್ಧ.

ದುಡ್ಡಿನ ಲೆಕ್ಕ

ಲೆಕ್ಕಕ್ಕೆ ಸುಲಭವಾಗಲಿ ಅಂತ ಎಕರೆಗೆ 5,000 ಡಾಲರ್ ಅಂದುಕೊಳ್ಳೋಣ. 40 ಎಕರೆಗೆ 2 ಲಕ್ಷ. ಖಾಲಿ ಜಮೀನಿಗೆ ಬ್ಯಾಂಕುಗಳು ಮನೆಯಷ್ಟು ಸಲೀಸಾಗಿ ಸಾಲ ಕೊಡುವುದಿಲ್ಲ. ಮುಂಗಡ ಜಾಸ್ತಿ ಕೇಳುತ್ತವೆ, ಬಡ್ಡಿಯೂ ತುಸು ಮೇಲೆ. ಕಾಲು ಭಾಗ, ಅಂದರೆ 50,000 ಕೈಯಿಂದ ಕಟ್ಟಿದಿರಿ ಅನ್ನಿ. ಉಳಿದ ಒಂದೂವರೆ ಲಕ್ಷಕ್ಕೆ 7.5% ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 1,208 ಡಾಲರ್. ವರ್ಷಕ್ಕೆ 14,500. ಮೊದಲ ವರ್ಷ ಅದರಲ್ಲಿ 11 ಸಾವಿರದಷ್ಟು ಬರೀ ಬಡ್ಡಿಗೆ ಹೋಗುತ್ತದೆ. ಅದರ ಮೇಲೆ ಆಸ್ತಿ ತೆರಿಗೆ, ವಿಮೆ, ಗೇಟು, ದಾರಿಯ ಜಲ್ಲಿ, ಬಿದ್ದ ಮರ ತೆಗೆಸುವುದು, ಮೇವಿನ ಬೀಜ. ಟ್ರ್ಯಾಕ್ಟರ್ ಆಸೆ ಹುಟ್ಟಿದರಂತೂ ಕೇಳಲೇಬೇಡಿ.

ಈಗ ಅದೇ ಜಾಗವನ್ನು ಗುತ್ತಿಗೆಗೆ ಹಿಡಿದರೆ? ಎಕರೆಗೆ ವರ್ಷಕ್ಕೆ 25 ಡಾಲರ್ ಅಂತ ಹಿಡಿದರೂ 1,000 ಡಾಲರ್. ಬೇಟೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಕೊಳ್ಳುವುದು ಎಂದೂ ಗಿಟ್ಟುವುದಿಲ್ಲ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಆದರೆ ಗುತ್ತಿಗೆಯ ದುಡ್ಡು ಹೋದದ್ದು ಹೋಯಿತು, ನೆಲ ಉಳಿಯುತ್ತದೆ. ಅದೂ ನಿಜ. ನೆಲದ ಬೆಲೆ ಏರಬಹುದು. ಬೇಕೆಂದಾಗ ಮಾತ್ರ ಅದು ಬೇಗ ಮಾರಾಟವಾಗುವ ವಸ್ತುವಲ್ಲ. ಕೆಲಸ ಹೋದರೆ, ಊರಿಗೆ ವಾಪಸ್ ಹೋಗಬೇಕಾಗಿ ಬಂದರೆ, ಆ 50,000 ಮರಗಳ ಮಧ್ಯೆ ಸಿಕ್ಕಿಕೊಂಡಿರುತ್ತದೆ.

ನಾಲ್ಕು ಜನ ಸೇರಿ ಕೊಳ್ಳೋಣ ಅನ್ನುವವರಿಗೆ ಒಂದು ಮಾತು. ಒಬ್ಬರು ಬಿಟ್ಟು ಹೋದರೆ ಅವರ ಪಾಲಿಗೆ ಬೆಲೆ ಹೇಗೆ ಕಟ್ಟುವುದು, ತೀರಿಕೊಂಡರೆ ಪಾಲು ಯಾರಿಗೆ, ಯಾರ ನೆಂಟರು ಎಷ್ಟು ದಿನ ಬಂದು ಬೇಟೆಯಾಡಬಹುದು, ಇದನ್ನೆಲ್ಲ ಕೊಳ್ಳುವ ಮುಂಚೆಯೇ ವಕೀಲರ ಹತ್ತಿರ ಬರೆಸಿ. ಅಣ್ಣತಮ್ಮಂದಿರ ನಡುವೆ ಜಮೀನು ಏನು ಮಾಡುತ್ತದೆ ಅಂತ ನೋಡಿ ಬೆಳೆದವರು ನಾವು.

ವೀಸಾದಲ್ಲಿರುವವರಿಗೆ

ಇದನ್ನು ನಮ್ಮವರು ಎಷ್ಟೋ ಜನ ತಪ್ಪು ತಿಳಿದಿದ್ದಾರೆ. ಎಚ್‌-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು, ಗುಂಡು ಇಟ್ಟುಕೊಳ್ಳುವಂತಿಲ್ಲ ಅಂತ ಅಮೆರಿಕದ ಫೆಡರಲ್ ಕಾನೂನು ಹೇಳುತ್ತದೆ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಅದರಲ್ಲೊಂದು. ಲೈಸೆನ್ಸ್ ಅವಧಿ ಮುಗಿದು ಬಂದೂಕು ಮನೆಯಲ್ಲೇ ಇದ್ದರೆ ದೊಡ್ಡ ಅಪರಾಧವಾಗಬಹುದು, ವೀಸಾಕ್ಕೂ ಕುತ್ತು. ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. ಜಮೀನಿನ ವಿಷಯದಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ನಿಯಮ. ವಿಸ್ಕಾನ್ಸಿನ್‌ನಲ್ಲಿ ಅಮೆರಿಕದ ನಿವಾಸಿಯಲ್ಲದ ವಿದೇಶಿಯರಿಗೆ 640 ಎಕರೆಯ ಮಿತಿ ಇದೆ. ಇನ್ನು, 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಾದರೆ ಇಲ್ಲಿ ಲೈಸೆನ್ಸ್‌ಗೆ ಮುಂಚೆ ಬೇಟೆ ಸುರಕ್ಷತೆಯ ತರಬೇತಿಯೂ ಆಗಿರಬೇಕು.

ಕೊಳ್ಳದೆಯೂ ದಾರಿಗಳಿವೆ

ಎಲ್ಲಿ ಇದ್ದೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ನೆವಾಡಾದಲ್ಲಿ ಸುಮಾರು 80% ನೆಲ ಫೆಡರಲ್ ಸರ್ಕಾರದ್ದು. ಟೆಕ್ಸಾಸ್‌ನಲ್ಲಿ ಸುಮಾರು 95% ಖಾಸಗಿ. ಟೆಕ್ಸಾಸ್‌ನಲ್ಲಿ ಗುತ್ತಿಗೆ ಅಥವಾ ಪರಿಚಯ ಇಲ್ಲದಿದ್ದರೆ ಬೇಟೆಗೆ ಜಾಗ ಸಿಗುವುದೇ ಕಷ್ಟ. ವಿಸ್ಕಾನ್ಸಿನ್ ಇವೆರಡರ ನಡುವಿನದು. ಉತ್ತರದ ಶವಾಮಿಗನ್-ನಿಕೊಲೆ ರಾಷ್ಟ್ರೀಯ ಅರಣ್ಯವೊಂದೇ ಸುಮಾರು 15 ಲಕ್ಷ ಎಕರೆ. ರಸ್ತೆಯಿಂದ ಒಂದೂವರೆ ಮೈಲಿ ಒಳಗೆ ನಡೆಯುವ ಕಾಲಿದ್ದರೆ ಜನ ತುಂಬ ಕಡಿಮೆಯಾಗುತ್ತಾರೆ. ಕ್ಯಾನ್ಸಸ್‌ನಲ್ಲಿ 1995ರಿಂದ ಸರ್ಕಾರವೇ ರೈತರಿಗೆ ದುಡ್ಡು ಕೊಟ್ಟು ಅವರ ಜಮೀನನ್ನು ಬೇಟೆಗಾರರಿಗೆ ತೆರೆಸುತ್ತಿದೆ.

ಹಳೆಯ ದಾರಿಯೂ ಒಂದಿದೆ: ರೈತರ ಮನೆ ಬಾಗಿಲು ತಟ್ಟಿ ಕೇಳುವುದು. ಜೋಳ, ಸೋಯಾ ಬೆಳೆಯುವವರಿಗೆ ಜಿಂಕೆ ನಮ್ಮೂರಿನ ಕಾಡುಹಂದಿ ಇದ್ದ ಹಾಗೆ. ಬೇಸಿಗೆಯಲ್ಲಿ ಒಂದು ದಿನ ಬೇಲಿ ಕೆಲಸಕ್ಕೆ ಕೈಜೋಡಿಸಿ, "ಹೆಣ್ಣು ಜಿಂಕೆಯಷ್ಟೇ ಹೊಡೀತೀವಿ" ಅಂತ ಹೇಳಿದರೆ ಒಪ್ಪುವವರು ಇನ್ನೂ ಇದ್ದಾರೆ.

ಹಾಗಾದರೆ ಯಾರು ಕೊಳ್ಳಬಹುದು? ನನ್ನ ಅಭಿಪ್ರಾಯ ಇಷ್ಟು. ಜೂನ್‌ನ ಸೆಕೆಯಲ್ಲಿ, ಉಣ್ಣಿ ಕಾಟದ ಮಧ್ಯೆ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು ಮುಳ್ಳು ಸವರಲಿಕ್ಕೂ ಆ ಜಾಗಕ್ಕೆ ಹೋಗಬೇಕು ಅನ್ನಿಸುವವರು. ಮನೆಯಿಂದ ಒಂದೂವರೆ ಗಂಟೆಯೊಳಗೆ ಜಾಗ ಸಿಕ್ಕವರು. ಮನೆಯವರಿಗೂ ಅಲ್ಲಿಗೆ ಬರಲು ಇಷ್ಟ ಇರುವವರು. ನವೆಂಬರ್‌ನ ಒಂಬತ್ತು ದಿನ ಮಾತ್ರ ನೆನಪಾಗುವ ಜಾಗವಾದರೆ ಗುತ್ತಿಗೆಯೇ ಸಾಕು.

ಮತ್ತೆ, ಜಾಗ ನೋಡಲು ಅಕ್ಟೋಬರ್‌ನಲ್ಲಿ ಹೋಗಬೇಡಿ. ಆಗ ಎಲೆಗಳ ಬಣ್ಣ ನೋಡಿಯೇ ಮನಸ್ಸು ಸೋಲುತ್ತದೆ. ಮಾರ್ಚ್ ಕೊನೆಗೆ ಹೋಗಿ. ಹಿಮ ಕರಗಿರುತ್ತದೆ, ಹುಲ್ಲು ಇನ್ನೂ ಎದ್ದಿರುವುದಿಲ್ಲ. ಜಿಂಕೆ ನಡೆದ ದಾರಿಗಳು ಕೆಸರಿನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತವೆ. ನೀರು ಎಲ್ಲಿ ನಿಲ್ಲುತ್ತದೆ ಅಂತಲೂ ಗೊತ್ತಾಗುತ್ತದೆ.

ಹನ್ನೊಂದನೇ ಜಾಗಕ್ಕೆ ನಾವು ಹೋದದ್ದು ಹಾಗೇ, ಮಾರ್ಚ್‌ನಲ್ಲಿ. ದಾರಿ ಮೂಡಣ ಬದಿಗಿತ್ತು. ದಾಖಲೆಯಲ್ಲೂ ಇತ್ತು. ಪಕ್ಕದ ಜಮೀನು ಎಪ್ಪತ್ತು ದಾಟಿದ ಹೈನುಗಾರರದ್ದು. ಗೆಳೆಯರು ಒಂದು ಎಳೆಯ ಸೀಡರ್ ಮರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೊಣಕಾಲ ಎತ್ತರದಲ್ಲಿ ಗಂಡು ಜಿಂಕೆ ಕೊಂಬು ಉಜ್ಜಿ ತೊಗಟೆ ಸುಲಿದಿತ್ತು. ಹೋದ ಶರತ್ಕಾಲದ ಗುರುತು. ಅಂಟು ಒಣಗಿ ಬಿಳುಚಿಕೊಂಡಿತ್ತು. ಅದರ ಪಕ್ಕದಲ್ಲೇ ಅದಕ್ಕೂ ಹಿಂದಿನ ವರ್ಷದ್ದು, ಕಪ್ಪಾಗಿ, ಅಂಚಿನಲ್ಲಿ ತೊಗಟೆ ಮತ್ತೆ ಕೂಡಿಕೊಳ್ಳುತ್ತಿತ್ತು. ಅವರು ಬೆರಳಿನಿಂದ ಎರಡನ್ನೂ ಮುಟ್ಟಿ ನೋಡಿದರು. ಆಮೇಲೆ ಎದ್ದು, ಪಕ್ಕದ ಹೈನುಗಾರರ ಮನೆ ಕಡೆ ನಡೆದರು, ಮೊದಲು ಅವರನ್ನು ಮಾತಾಡಿಸಿ ಬರೋಣ ಅಂತ.